ಬಾಯಾರಿದವರು ನಮ್ಮ ಮನೆಯಲ್ಲೇ ಇದ್ದಾರೆ



ದೈಹಿಕ ದಯಾಕಾರ್ಯಗಳು ಏಳು. ಪ್ರಥಮ ಪರಮಪ್ರಸಾದಕ್ಕೆ ಸಿದ್ಧರಾಗುವ ಮಕ್ಕಳು ಇವನ್ನು ಬೆರಳು ಮಡಚುತ್ತಾ ಒಪ್ಪಿಸುತ್ತಾರೆ. ಹಸಿದವರಿಗೆ ಊಟ ಕೊಡುವುದು ಮೊದಲನೆಯದು, ಬಾಯಾರಿದವರಿಗೆ ನೀರು ಕೊಡುವುದು ಎರಡನೆಯದು. "ಬಾಯಾರಿದವರು ಅಂದರೆ ಯಾರು?" ಎಂದು ಕೇಳಿದರೆ ಒಬ್ಬ ದಾರಿಹೋಕ ಎನ್ನುತ್ತಾನೆ, ಇನ್ನೊಬ್ಬಳು ಭಿಕ್ಷುಕ ಎನ್ನುತ್ತಾಳೆ. "ನಮ್ಮ ಮನೆಯಲ್ಲಿ ಮಲಗಿರುವ ಪಾಪು" ಎಂದು ಯಾವ ಮಗುವೂ ಈವರೆಗೆ ಉತ್ತರ ಕೊಟ್ಟಿಲ್ಲ. ಒಂದು ಕಾಲದಲ್ಲಿ ನಾನೂ ಆ ಉತ್ತರ ಕೊಡುತ್ತಿರಲಿಲ್ಲ.

ಆಗ ನನಗೆ ಗುರುಪಟ್ಟವಾದ ಹೊಸತು. ಹಳ್ಳಿಯೊಂದರ ಧರ್ಮಕೇಂದ್ರದಲ್ಲಿ ಸಹಾಯಕ ಗುರುವಾಗಿದ್ದೆ. ಬೇಸಿಗೆಯ ಒಂದು ಸಂಜೆ, "ಮಗೂಗೆ ಹುಷಾರಿಲ್ಲ, ಬಂದು ಪ್ರಾರ್ಥನೆ ಮಾಡಿ ಸ್ವಾಮಿ" ಎಂದು ಕರೆದರು. ವರ್ಷ ತುಂಬಿದ ಗಂಡುಮಗು. ಹಿಂದಿನ ರಾತ್ರಿಯಿಂದ ವಾಂತಿ ಭೇದಿ. ಕಣ್ಣುಗಳು ಗುಳಿಬಿದ್ದಿದ್ದವು. ಮಗು ಅಳುತ್ತಿತ್ತು, ಕಣ್ಣೀರು ಬರುತ್ತಿರಲಿಲ್ಲ. ತಾಯಿ ಮೆಲ್ಲಗೆ, "ಒಂದು ಚಮಚ ನೀರು ಹಾಕ್ಲಾ ಅತ್ತೆ?" ಎಂದಳು. "ಸುಮ್ನಿರವ್ವ, ಹೊಟ್ಟೆಗೆ ಹೋದದ್ದೆಲ್ಲ ಹಂಗೇ ಹೋಗ್ತಾ ಐತೆ. ಹೊಟ್ಟೆ ಒಣಗಿದ್ರೆ ತಾನೇ ನಿಲ್ತದೆ" ಎಂದರು ಅಜ್ಜಿ. ತಾಯಿ ನನ್ನ ಮುಖ ನೋಡಿದಳು. ವರ್ಷಗಟ್ಟಲೆ ತತ್ವಶಾಸ್ತ್ರ, ದೈವಶಾಸ್ತ್ರ ಓದಿದ್ದ ನಾನು ಬಾಯಿ ಬಿಡಲಿಲ್ಲ. ಹಿರಿಯರಿಗೆ ತಿಳಿದಿರುತ್ತದೆ ಅಂದುಕೊಂಡೆ. ಪ್ರಾರ್ಥನೆ ಮಾಡಿ ತೀರ್ಥ ಚಿಮುಕಿಸಿದೆ. ಹಣೆಯ ಮೇಲೆ ಬಿದ್ದ ಒಂದು ಹನಿ ಮೂಗಿನ ಪಕ್ಕದಿಂದ ಇಳಿದು ತುಟಿಗೆ ಬಂತು. ಮಗು ನಾಲಿಗೆ ಚಾಚಿ ಅದನ್ನು ನೆಕ್ಕಿತು.

ಆಗಲೂ ನನಗೆ ತಿಳಿಯಲಿಲ್ಲ. ತಿಳಿದದ್ದು ಅರ್ಧ ಗಂಟೆಯ ಮೇಲೆ, ಕಾನ್ವೆಂಟಿನ ಔಷಧಾಲಯದ ಸಿಸ್ಟರ್ ಬಂದಾಗ. ಅವರು ಕಾಯಿಸಿ ಆರಿಸಿದ ನೀರು ತರಿಸಿ, ಒಂದು ಪೊಟ್ಟಣ ಹರಿದು ಕಲಸಿ, ಮಗುವಿನ ಬಾಯಿಗೆ ಚಮಚ ಚಮಚವಾಗಿ ಹಾಕುತ್ತಾ ಕುಳಿತರು. ಆಟೋ ಬಂದ ಮೇಲೆ ದಾರಿಯುದ್ದಕ್ಕೂ ಹಾಗೆಯೇ ಹಾಕುತ್ತಾ ಆಸ್ಪತ್ರೆಗೆ ಕರೆದೊಯ್ದರು. ಮಗು ಉಳಿಯಿತು. ಮರುದಿನ ಅವರು ನನಗೆ ಹೇಳಿದ್ದಿಷ್ಟೇ: "ಪ್ರಾರ್ಥನೆ ಮಾಡಿದಿರಿ, ಒಳ್ಳೇದಾಯ್ತು ಫಾದರ್. ನೀರು ಕೊಡಿ ಅಂತಲೂ ಒಂದು ಮಾತು ಹೇಳಬಹುದಿತ್ತು."

ಅಂದು ಹೇಳದೆ ಉಳಿದ ಆ ಮಾತನ್ನು ಇಂದು ಈ ಪುಟದಲ್ಲಿ ಹೇಳುತ್ತಿದ್ದೇನೆ.

ಊಟ, ದೇಹ, ಆರೋಗ್ಯಗಳ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ತಪ್ಪು ತಿಳಿವಳಿಕೆಗಳಿವೆ. ಹೆಚ್ಚಿನವುಗಳಿಂದ ಜೀವಕ್ಕೆ ಅಪಾಯವಿಲ್ಲ. ಬಾಳೆಹಣ್ಣು ತಿಂದರೆ ಶೀತವಾಗುತ್ತದೆ ಎನ್ನುವವರು ಅದನ್ನು ಬಿಟ್ಟರೆ ನಷ್ಟ ಒಂದು ಹಣ್ಣು ಮಾತ್ರ. ಆದರೆ "ಕೊಡಬಾರದು" ಎಂಬ ಮಾತಿನಿಂದ ಮುಗಿಯುವ ಕೆಲವು ನಂಬಿಕೆಗಳಿವೆ. ಭೇದಿಯಾದ ಮಗುವಿಗೆ ನೀರು ಕೊಡಬಾರದು, ಹುಟ್ಟಿದ ಕೂಸಿಗೆ ಮೊದಲ ಹಾಲು ಕೊಡಬಾರದು, ಬಾಣಂತಿಗೆ ನೀರು ಕೊಡಬಾರದು, ಪರಮಪ್ರಸಾದಕ್ಕೆ ಮುಂಚೆ ನೀರನ್ನೂ ಮುಟ್ಟಬಾರದು. ಈ ನಾಲ್ಕನ್ನು ಒಂದೊಂದಾಗಿ ನೋಡೋಣ.

ಭೇದಿಯಾದ ಮಗು

ಅಜ್ಜಿಯ ವಾದ ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುತ್ತದೆ. ಒಳಗೆ ಹೋದದ್ದು ಹೊರಗೆ ಬರುತ್ತಿದೆ, ಆದ್ದರಿಂದ ಒಳಗೆ ಹಾಕುವುದನ್ನು ನಿಲ್ಲಿಸೋಣ ಎಂಬ ಲೆಕ್ಕ ಅದು. ಆದರೆ ಭೇದಿಯಲ್ಲಿ ಹೋಗುವುದು ಆಗತಾನೇ ಕುಡಿದ ನೀರು ಮಾತ್ರವಲ್ಲ. ರೋಗಾಣುಗಳ ಕಾಟದಿಂದ ದೇಹದಲ್ಲಿರುವ ನೀರು, ಉಪ್ಪುಗಳು ಕರುಳಿನೊಳಕ್ಕೆ ಸೋರಿ ಹೊರಟುಹೋಗುತ್ತವೆ. ತೂತು ಬಿದ್ದ ಕೊಡದ ಬಾಯಿ ಮುಚ್ಚಿದರೆ ಸೋರುವುದು ನಿಲ್ಲುತ್ತದೆಯೇ? ಕೊಡ ಬೇಗ ಬರಿದಾಗುತ್ತದೆ, ಅಷ್ಟೆ. ಭೇದಿಯಿಂದ ಸಾಯುವ ಮಕ್ಕಳಲ್ಲಿ ಬಹಳಷ್ಟು ಮಂದಿ ಹೀಗೆ ದೇಹದ ನೀರು ಬತ್ತಿಯೇ ಸಾಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಇಂದಿಗೂ ಜಗತ್ತಿನಲ್ಲಿ ವರ್ಷಕ್ಕೆ 4 ಲಕ್ಷಕ್ಕೂ ಹೆಚ್ಚು ಪುಟ್ಟ ಮಕ್ಕಳು ಭೇದಿಯಿಂದ ತೀರಿಕೊಳ್ಳುತ್ತಿದ್ದಾರೆ.

ಇದಕ್ಕೆ ದೇವರು ನಮ್ಮ ಕರುಳಿನಲ್ಲೇ ಒಂದು ಉಪಾಯ ಇಟ್ಟಿದ್ದಾನೆ. ಸಕ್ಕರೆ ಮತ್ತು ಉಪ್ಪು ಜೊತೆಯಾಗಿ ಹೋದರೆ ಕರುಳು ಅವೆರಡನ್ನೂ ಒಟ್ಟಿಗೆ ಹೀರಿಕೊಳ್ಳುತ್ತದೆ, ಅವುಗಳ ಹಿಂದೆ ನೀರೂ ಒಳಗೆ ಹೋಗುತ್ತದೆ. ಕಾಲರಾದಂತಹ ಕಾಯಿಲೆಯಲ್ಲೂ ಈ ಬಾಗಿಲು ಮುಚ್ಚುವುದಿಲ್ಲ. ಇದು ಇಡೀ ಲೋಕಕ್ಕೆ ಮನವರಿಕೆಯಾದದ್ದು 1971ರಲ್ಲಿ, ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ. ಪೂರ್ವ ಪಾಕಿಸ್ತಾನದ ಯುದ್ಧದಿಂದ ಓಡಿಬಂದ ನಿರಾಶ್ರಿತರ ನಡುವೆ ಕಾಲರಾ ಹಬ್ಬಿತ್ತು. ರಕ್ತನಾಳಕ್ಕೆ ಹಾಕುವ ಸೆಲೈನ್ ಸಾಲದಾಗಿತ್ತು. ಡಾಕ್ಟರ್ ದಿಲೀಪ್ ಮಹಲನಬೀಸ್ ಅವರು ಗ್ಲೂಕೋಸ್, ಉಪ್ಪು, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳಿಗೆ ಕುಡಿಸಿರೆಂದು ಅವರ ಮನೆಯವರ ಕೈಗೇ ಲೋಟ ಕೊಟ್ಟರು. ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಈ ದ್ರಾವಣ ಈ ಶತಮಾನದ ಅತಿ ಮಹತ್ವದ ವೈದ್ಯಕೀಯ ಸಾಧನೆಯೇ ಇರಬಹುದು ಎಂಬ ಅರ್ಥದಲ್ಲಿ ಲ್ಯಾನ್ಸೆಟ್ ಪತ್ರಿಕೆ 1978ರಲ್ಲಿ ಬರೆಯಿತು. ಮಹಲನಬೀಸರು 2022ರಲ್ಲಿ ತೀರಿಕೊಂಡರು. ಮರುವರ್ಷ ದೇಶ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ನೀಡಿತು.

ಸಿಸ್ಟರ್ ಅಂದು ಕಲಸಿದ್ದು ಇದನ್ನೇ, ಓಆರ್‌ಎಸ್. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಆಶಾ ಕಾರ್ಯಕರ್ತೆಯರ ಬಳಿ ಉಚಿತವಾಗಿ ಸಿಗುತ್ತದೆ. ಪೊಟ್ಟಣದ ಮೇಲೆ ಎಷ್ಟು ನೀರು ಎಂದು ಬರೆದಿದೆಯೋ ಅಷ್ಟೇ ನೀರಿನಲ್ಲಿ ಇಡೀ ಪೊಟ್ಟಣವನ್ನು ಕರಗಿಸಿ. ಕರಗಿಸಿದ್ದನ್ನು 24 ಗಂಟೆಯೊಳಗೆ ಬಳಸಿ, ಉಳಿದರೆ ಚೆಲ್ಲಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಟೀ ಚಮಚದಲ್ಲಿ ಮಟ್ಟಸವಾಗಿ ಸವರಿದ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಕೈಯಳತೆಯಲ್ಲಿ ಹಾಕಬೇಡಿ, ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದ ಮೇಲೆ ಕಾಲು ಲೋಟದಿಂದ ಅರ್ಧ ಲೋಟ, ಚಮಚದಲ್ಲಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಇನ್ನೂ ನಿಧಾನವಾಗಿ ಹಾಕಿ. ಅಂಗಡಿಯಲ್ಲಿ ಕೊಳ್ಳುವಾಗ ಹೆಸರು ಓದಿ ಕೊಳ್ಳಿ. ಸಕ್ಕರೆ ತುಂಬಿದ ಕೆಲವು ಹಣ್ಣಿನ ಪಾನೀಯಗಳೂ ಓಆರ್‌ಎಸ್ ಹೆಸರು ಹೊತ್ತು ಮಾರಾಟವಾಗುತ್ತಿದ್ದವು. ಹಾಗೆ ಹೆಸರು ಹಾಕಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿತು.

ಊಟವನ್ನೂ ನಿಲ್ಲಿಸಬೇಡಿ. ಎದೆಹಾಲು ಕುಡಿಯುವ ಮಗುವಿಗೆ ಇನ್ನೂ ಹೆಚ್ಚು ಸಲ ಹಾಲು ಕೊಡಿ. ದೊಡ್ಡ ಮಗುವಿಗೆ ಗಂಜಿ, ಬೇಳೆ ಅನ್ನ, ಮೊಸರನ್ನ, ಬಾಳೆಹಣ್ಣು ಕೊಡಬಹುದು. ಜೊತೆಗೆ ಆರೋಗ್ಯ ಕೇಂದ್ರದಲ್ಲಿ ಕೊಡುವ ಸತುವಿನ ಮಾತ್ರೆಯನ್ನು ಭೇದಿ ನಿಂತ ಮೇಲೂ ಹೇಳಿದಷ್ಟು ದಿನ ಪೂರ್ತಿ ಕೊಡಿ. ಯಾಯಿರನ ಮಗಳನ್ನು ಎಬ್ಬಿಸಿದ ಮೇಲೆ ಯೇಸುಸ್ವಾಮಿ ಏನು ಹೇಳಿದರೆಂದು ನೆನಪಿದೆಯೇ? ಮನೆಯವರೆಲ್ಲ ಬೆರಗಾಗಿ ನಿಂತಿದ್ದರು. ಹುಡುಗಿಗೆ ತಿನ್ನಲು ಏನಾದರೂ ಕೊಡಬೇಕು ಎಂಬುದು ಆ ಬೆರಗಿನಲ್ಲಿ ಯಾರಿಗೂ ಹೊಳೆಯಲಿಲ್ಲ. ಅದನ್ನು ಸ್ವಾಮಿಯೇ ಹೇಳಬೇಕಾಯಿತು (ಮಾರ್ಕ 5:43).

ಮಗು ಮಂಕಾಗಿ ಮಲಗಿದರೆ, ಕಣ್ಣು ಗುಳಿಬಿದ್ದರೆ, ಮೂತ್ರ ಹೋಗದಿದ್ದರೆ, ಕುಡಿಯಲಾರದೆ ಹೋದರೆ, ಕುಡಿದದ್ದೆಲ್ಲ ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ ಮನೆಯಲ್ಲಿ ಕಾಯಬೇಡಿ. ದಾರಿಯಲ್ಲೂ ಚಮಚದಲ್ಲಿ ಕೊಡುತ್ತಾ ಆಸ್ಪತ್ರೆಗೆ ಹೊರಡಿ.

ಹುಟ್ಟಿದ ಕೂಸು

ಹಸು ಕರು ಹಾಕಿದರೆ ಗಿಣ್ಣು ಹಾಲಿಗೆ ಬೆಲ್ಲ ಏಲಕ್ಕಿ ಹಾಕಿ ಬೇಯಿಸಿ ಅಕ್ಕಪಕ್ಕದವರಿಗೆಲ್ಲ ಹಂಚುವ ಜನ ನಾವು. ಗಿಣ್ಣು ಕುಡಿಯದ ಕರು ಚೆನ್ನಾಗಿ ಬೆಳೆಯುವುದಿಲ್ಲ ಎಂದು ದನ ಸಾಕುವ ಯಾರನ್ನು ಕೇಳಿದರೂ ಹೇಳುತ್ತಾರೆ. ಅದೇ ಮನೆಯಲ್ಲಿ ಸೊಸೆಗೆ ಹೆರಿಗೆಯಾದರೆ, "ಹಳದಿ ಹಾಲು ಕೆಟ್ಟದ್ದು, ಹಿಂಡಿ ಚೆಲ್ಲು" ಎನ್ನುತ್ತೇವೆ! ಮೂರು ದಿನ ಕೂಸಿನ ಬಾಯಿಗೆ ಸಕ್ಕರೆ ನೀರು, ಜೇನುತುಪ್ಪ, ಹರಳೆಣ್ಣೆ ಹಾಕುತ್ತೇವೆ.

ತಾಯಿಯ ಈ ಗಿಣ್ಣು ಹಾಲಿನಲ್ಲಿ ಸೋಂಕುಗಳ ವಿರುದ್ಧ ಕೂಸನ್ನು ಕಾಯುವ ಅಂಶಗಳು ತುಂಬಿರುತ್ತವೆ. ಪ್ರಮಾಣ ಕಡಿಮೆ, ಮೊದಲ ದಿನ ಕೆಲವೇ ಚಮಚ. ಅದನ್ನು ನೋಡಿ "ಹಾಲೇ ಬಂದಿಲ್ಲ" ಎನ್ನಬೇಡಿ, ಆ ಪುಟ್ಟ ಹೊಟ್ಟೆಗೆ ಬೇಕಾದದ್ದೂ ಅಷ್ಟೇ. ಹುಟ್ಟಿದ ಒಂದು ಗಂಟೆಯೊಳಗೆ ಕೂಸನ್ನು ಎದೆಗೆ ಹಾಕಬೇಕು. ಆಪರೇಷನ್ ಆದ ತಾಯಿಗೂ ನರ್ಸ್ ನೆರವಿನಿಂದ ಬೇಗನೆ ಹಾಲುಣಿಸಲು ಸಾಧ್ಯ. ಜೇನುತುಪ್ಪವನ್ನಂತೂ ವರ್ಷ ತುಂಬುವವರೆಗೆ ಮುಟ್ಟಿಸಬಾರದು. ಅದರಲ್ಲಿ ಇರಬಹುದಾದ ಒಂದು ಜಾತಿಯ ರೋಗಾಣು ದೊಡ್ಡವರಿಗೆ ಏನೂ ಮಾಡದು, ಆದರೆ ಶಿಶುವಿನ ಕರುಳಿನಲ್ಲಿ ಬೆಳೆದು ಮೈಯ ಸ್ನಾಯುಗಳ ಶಕ್ತಿಯನ್ನೇ ಉಡುಗಿಸುವ ವಿಷ ಉಂಟುಮಾಡಬಲ್ಲದು.

ಇಲ್ಲಿ ಒಂದು ಎಚ್ಚರಿಕೆ. ಬಾಯಾರಿದವರಿಗೆ ನೀರು ಎಂದೆನೆಂದು ಆರು ತಿಂಗಳೊಳಗಿನ ಕೂಸಿಗೆ ನೀರು ಕುಡಿಸಲು ಹೋಗಬೇಡಿ. ತಾಯಿಯ ಹಾಲಿನಲ್ಲಿ ನೂರಕ್ಕೆ 87 ಭಾಗಕ್ಕಿಂತ ಹೆಚ್ಚು ನೀರೇ ಇದೆ. ಕಡುಬೇಸಿಗೆಯಲ್ಲೂ ಅದು ಸಾಕು. ಆರು ತಿಂಗಳು ಬರೀ ಎದೆಹಾಲು, ಆಮೇಲೆ ಮೆತ್ತಗಿನ ಊಟದ ಜೊತೆ ಎರಡು ವರ್ಷ ಅಥವಾ ಅದಕ್ಕೂ ಮೇಲೆ ಎದೆಹಾಲು, ಇದು ಇಂದಿನ ವೈದ್ಯರ ಸಲಹೆ. ಇದೇನೂ ಹೊಸ ಮಾತಲ್ಲ. ಎರಡನೆಯ ಮಕ್ಕಬಿಯರ ಗ್ರಂಥದಲ್ಲಿ ಏಳು ಮಕ್ಕಳ ವೀರತಾಯಿ ತನ್ನ ಕಿರಿಮಗನಿಗೆ ತಾನು ಒಂಬತ್ತು ತಿಂಗಳು ಹೊತ್ತದ್ದನ್ನೂ ಮೂರು ವರ್ಷ ಹಾಲೂಡಿಸಿದ್ದನ್ನೂ ನೆನಪಿಸುತ್ತಾಳೆ (7:27).

ಪೂಜೆಯ ವೇಳೆ ಕೂಸು ಹಸಿದು ಅತ್ತರೆ ಕೆಲವು ತಾಯಂದಿರು ನಾಚಿ ಹೊರಗೆ ಓಡುತ್ತಾರೆ. ಜಗದ್ಗುರು ಫ್ರಾನ್ಸಿಸ್‌ರವರು 2014ರ ಜನವರಿಯಲ್ಲಿ ಸಿಸ್ಟೈನ್ ಚಾಪೆಲ್‌ನಲ್ಲಿ ಶಿಶುಗಳಿಗೆ ದೀಕ್ಷಾಸ್ನಾನ ಕೊಡುವಾಗ, ಮಕ್ಕಳು ಹಸಿದಿದ್ದರೆ ಅಲ್ಲಿಯೇ ಹಾಲುಣಿಸಿ ಎಂದು ತಾಯಂದಿರಿಗೆ ಹೇಳಿದ್ದರು. ನಮ್ಮ ದೇವಾಲಯಗಳಿಗೂ ಆ ಮಾತು ಸಲ್ಲುತ್ತದೆ.

ಬಾಣಂತಿ

ನಮ್ಮ ಬಾಣಂತನದ ಪದ್ಧತಿಯಲ್ಲಿ ಒಳ್ಳೆಯದು ಬಹಳ ಇದೆ. ತಾಯಿಗೆ ವಿಶ್ರಾಂತಿ, ಬಿಸಿಬಿಸಿ ಊಟ, ಎಣ್ಣೆನೀರು, ಸುತ್ತಲೂ ಹೆಂಗಸರ ಆರೈಕೆ, ಇವೆಲ್ಲ ಉಳಿಯಲಿ. ಆದರೆ "ನೀರು ಕುಡಿದರೆ ಹೊಟ್ಟೆ ಬರುತ್ತದೆ, ನಂಜಾಗುತ್ತದೆ, ಮಗುವಿಗೆ ಶೀತವಾಗುತ್ತದೆ" ಎಂದು ದಿನಕ್ಕೆ ಒಂದೆರಡು ಲೋಟಕ್ಕೆ ಅಳೆದು ಕೊಡುವ ಪದ್ಧತಿ ಹೋಗಲಿ. ಕೆರೆ ಬಾವಿಗಳ ನೀರನ್ನು ಹಾಗೆಯೇ ಕುಡಿಯುತ್ತಿದ್ದ ಕಾಲದಲ್ಲಿ ಹೀಗೆ ಹೇಳಲು ಕಾರಣ ಇದ್ದಿರಬಹುದು. ಕಾಯಿಸಿದ ಶುದ್ಧ ನೀರು ಸಿಗುವ ಮನೆಯಲ್ಲಿ ಆ ಕಾರಣ ಉಳಿದಿಲ್ಲ.

ಲೆಕ್ಕ ಹಾಕಿ ನೋಡಿ. ಹಾಲು ಚೆನ್ನಾಗಿ ಬರತೊಡಗಿದ ಮೇಲೆ ಕೂಸು ದಿನಕ್ಕೆ ಸುಮಾರು ಮುಕ್ಕಾಲು ಲೀಟರ್ ಕುಡಿಯುತ್ತದೆ. ಆ ನೀರೆಲ್ಲ ತಾಯಿಯ ಮೈಯಿಂದಲೇ ಬರಬೇಕು. ಕುಡಿಯಲು ಕೊಡದಿದ್ದರೆ ಅವಳಿಗೆ ಮಲಬದ್ಧತೆ, ಉರಿಮೂತ್ರ, ಸುಸ್ತು. ಇದಕ್ಕಿಂತ ಭಯದ ಸಂಗತಿ ಇನ್ನೊಂದಿದೆ. ಹೆರಿಗೆಯಾದ ಕೆಲವು ವಾರ ತಾಯಿಯ ರಕ್ತ ಸಹಜವಾಗಿಯೇ ಬೇಗ ಹೆಪ್ಪುಗಟ್ಟುವ ಸ್ಥಿತಿಯಲ್ಲಿರುತ್ತದೆ. ಅದರ ಮೇಲೆ ನೀರೂ ಕೊಡದೆ, ಓಡಾಡಲೂ ಬಿಡದೆ ಮಲಗಿಸಿದರೆ ಕಾಲಿನಲ್ಲಿ ಅಥವಾ ಮಿದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ಬಾಣಂತಿಗೆ ಬಿಡದ ತಲೆನೋವು ಬಂದರೆ, ಫಿಟ್ಸ್ ಬಂದರೆ, ಕೈಕಾಲು ಸೋತರೆ "ಗಾಳಿ ಸೋಕಿದೆ" ಎಂದು ಕೂರಬೇಡಿ. ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ.

ಬಾಣಂತಿ ಬಾಯಾರಿದಾಗಲೆಲ್ಲ ನೀರು ಕುಡಿಯಲಿ. ಪ್ರತಿ ಸಲ ಹಾಲುಣಿಸುವಾಗ ಪಕ್ಕದಲ್ಲಿ ಒಂದು ಲೋಟ ಇರಲಿ. ಸೊಪ್ಪು, ತರಕಾರಿ, ಬೇಳೆ, ಹಣ್ಣು ಎಲ್ಲವನ್ನೂ ಊಟ ಮಾಡಲಿ. ಹೃದಯದ ಅಥವಾ ಮೂತ್ರಪಿಂಡದ ಕಾಯಿಲೆ ಇದ್ದು ವೈದ್ಯರೇ ನೀರಿಗೆ ಮಿತಿ ಹಾಕಿದ್ದರೆ ಮಾತ್ರ ಅದನ್ನು ಪಾಲಿಸಬೇಕು.

ಬೆಳಗಿನ ಪೂಜೆಗೆ ಬರುವ ಅಜ್ಜ ಅಜ್ಜಿ

ನಾಲ್ಕನೆಯದು ನಮ್ಮ ದೇವಾಲಯದೊಳಗಿನದೇ. ಬೆಳಗಿನ ಪೂಜೆಯಲ್ಲಿ ವಯಸ್ಸಾದವರು ತಲೆಸುತ್ತಿ ಕುಸಿದು ಕೂರುವುದನ್ನು ನೀವೂ ನೋಡಿರಬಹುದು. ವಿಚಾರಿಸಿದರೆ, "ಪರಮಪ್ರಸಾದ ತಗೋಬೇಕಲ್ಲ ಸ್ವಾಮಿ, ಮಾತ್ರೆ ನುಂಗಿಲ್ಲ, ನೀರೂ ಕುಡಿದಿಲ್ಲ" ಎನ್ನುತ್ತಾರೆ.

ಇದು ಹಳೆಯ ಕಟ್ಟಳೆಯ ನೆನಪು. ಹಿಂದೆ ನಡುರಾತ್ರಿಯಿಂದ ನೀರನ್ನೂ ಮುಟ್ಟುವಂತಿರಲಿಲ್ಲ. ನೀರು ಉಪವಾಸವನ್ನು ಮುರಿಯುವುದಿಲ್ಲವೆಂದು ಜಗದ್ಗುರು ಹನ್ನೆರಡನೇ ಪಿಯುಸ್‌ರವರು 1953ರಲ್ಲೇ ಸ್ಪಷ್ಟಪಡಿಸಿದರು. 1957ರಲ್ಲಿ ಉಪವಾಸದ ಅವಧಿ ಮೂರು ಗಂಟೆಗೆ, 1964ರಲ್ಲಿ ಆರನೇ ಪೌಲರ ಕಾಲದಲ್ಲಿ ಒಂದು ಗಂಟೆಗೆ ಇಳಿಯಿತು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 919ನೇ ವಿಧಿಯ ಪ್ರಕಾರ ಪರಮಪ್ರಸಾದ ಸ್ವೀಕರಿಸುವ ಮುನ್ನ ಒಂದು ಗಂಟೆ ಉಪವಾಸವಿರಬೇಕು. ನೀರಿಗೆ, ಔಷಧಕ್ಕೆ ಅಡ್ಡಿಯಿಲ್ಲ. ವಯಸ್ಸಾದವರು, ಕಾಯಿಲೆಯವರು, ಅವರ ಆರೈಕೆ ಮಾಡುವವರು ಆ ಒಂದು ಗಂಟೆಯೊಳಗೆ ಏನಾದರೂ ತಿಂದಿದ್ದರೂ ಪರಮಪ್ರಸಾದ ಸ್ವೀಕರಿಸಬಹುದು. ಸಕ್ಕರೆ ಕಾಯಿಲೆಯವರು ವೈದ್ಯರು ಹೇಳಿದ ಹೊತ್ತಿಗೆ ತಿಂಡಿ ತಿಂದು, ಮಾತ್ರೆ ನುಂಗಿ ಬನ್ನಿ. ಅದು ಪಾಪವಲ್ಲ, ಪಾಪನಿವೇದನೆಯಲ್ಲಿ ಹೇಳಬೇಕಾದುದೂ ಅಲ್ಲ. ತಪಸ್ಸುಕಾಲದ ಉಪವಾಸದ ಕಟ್ಟಳೆಯೂ 18 ತುಂಬಿದವರಿಂದ 59 ತುಂಬುವವರೆಗಿನವರಿಗೆ ಮಾತ್ರ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ರೋಗಿಗಳು ಅದಕ್ಕೆ ಬದ್ಧರಲ್ಲ.

ನಂಬಿಕೆ ಹೇಗೆ ಉಳಿಯುತ್ತದೆ?

"ನಾವೆಲ್ಲ ಹೀಗೇ ಬೆಳೆದೆವಲ್ಲ, ನಮಗೇನಾಯ್ತು?" ಎಂದು ಹಿರಿಯರು ಕೇಳುತ್ತಾರೆ. ನಮ್ಮ ನಾಡಿನ ತರ್ಕದಲ್ಲಿ ಕಾಕತಾಳೀಯ ಎಂಬ ಮಾತಿದೆ. ಕಾಗೆ ಬಂದು ಕೂತದ್ದಕ್ಕೂ ತಾಳೆಹಣ್ಣು ಬಿದ್ದದ್ದಕ್ಕೂ ಹೊತ್ತು ಕೂಡಿಬಂತು, ಕಾಗೆಯಿಂದ ಹಣ್ಣು ಬೀಳಲಿಲ್ಲ. ನೀರು ಕೊಡದಿದ್ದರೂ ಕೆಲವು ಮಕ್ಕಳು ಬದುಕಿದವು. ಕೊಡದ್ದರಿಂದ ಬದುಕಲಿಲ್ಲ. ಬದುಕದೆ ಹೋದವರು ಬಂದು ಸಾಕ್ಷಿ ಹೇಳುವಂತಿಲ್ಲ. ಹಳೆಯ ಸಮಾಧಿಭೂಮಿಗಳಲ್ಲಿ ಪುಟ್ಟ ಪುಟ್ಟ ಶಿಲುಬೆಗಳನ್ನು ನೋಡಿದಾಗ ನನಗೆ ಈ ಮಾತು ನೆನಪಾಗುತ್ತದೆ.

ಆದರೆ ಅಜ್ಜಿಯರನ್ನು ಹೀಯಾಳಿಸಲು ಇದನ್ನು ಬರೆಯುತ್ತಿಲ್ಲ. ಆ ಸಂಜೆಯ ಅಜ್ಜಿ ಮೊಮ್ಮಗನಿಗಾಗಿ ರಾತ್ರಿಯಿಡೀ ಕಣ್ಣು ಮುಚ್ಚಿರಲಿಲ್ಲ. ಅವರಲ್ಲಿ ಪ್ರೀತಿಗೆ ಕೊರತೆ ಇರಲಿಲ್ಲ, ತಿಳಿವಳಿಕೆಗೆ ಇತ್ತು. ತಿಳಿದಿರಬೇಕಾಗಿದ್ದ ನಾನು ಸುಮ್ಮನಿದ್ದೆ. ಆದ್ದರಿಂದ ತಪ್ಪು ಅವರಿಗಿಂತ ನನ್ನದೇ ಹೆಚ್ಚು. ನಿಮ್ಮ ಮನೆಯಲ್ಲಿ ಹಿರಿಯರಿಗೆ ಹೇಳಬೇಕಾದಾಗ ಗೌರವದಿಂದ ಹೇಳಿ. ಗಿಣ್ಣಿನ ಉದಾಹರಣೆ ಕೊಡಿ, ಬೇಗ ಒಪ್ಪುತ್ತಾರೆ. ಬೇಕಾದರೆ ಆರೋಗ್ಯ ಕೇಂದ್ರದ ದಾದಿಯಿಂದಲೇ ಹೇಳಿಸಿ. ಮಗು ಚೇತರಿಸಿಕೊಂಡ ಮೇಲೆ ಆ ಅಜ್ಜಿಯೇ ಅಕ್ಕಪಕ್ಕದ ಮನೆಗಳಿಗೆ ಹೋಗಿ ಉಪ್ಪು ಸಕ್ಕರೆ ನೀರು ಮಾಡುವುದನ್ನು ಹೇಳಿಕೊಟ್ಟರು.

ಔಷಧ ಕೊಟ್ಟರೆ ವಿಶ್ವಾಸಕ್ಕೆ ಕುಂದು ಎಂದು ಭಾವಿಸುವವರೂ ಇದ್ದಾರೆ. ವೈದ್ಯನನ್ನು ಗೌರವಿಸಬೇಕು, ಅವನನ್ನು ಸೃಷ್ಟಿಸಿದವನೂ ದೇವರೇ ಎಂದು ಸಿರಾಖನ ಗ್ರಂಥದ 38ನೇ ಅಧ್ಯಾಯ ಬೋಧಿಸುತ್ತದೆ. ಅಲ್ಲಿ ರೋಗಿಗೆ ಪ್ರಾರ್ಥನೆಯೂ ಬೇಕು, ವೈದ್ಯನೂ ಬೇಕು. ದೇವರ ಕೃಪೆ ನಮ್ಮ ದೇಹವನ್ನು ಪಕ್ಕಕ್ಕೆ ಸರಿಸಿ ಕೆಲಸ ಮಾಡುವುದಿಲ್ಲ ಎಂಬುದನ್ನು ಸಂತ ತೋಮಸ್ ಅಕ್ವಿನಾಸರನ್ನು ಓದುವಾಗ ಸೆಮಿನರಿಯಲ್ಲಿ ಕಲಿತಿದ್ದೆ. ಅದರ ಅರ್ಥ ತಿಳಿದದ್ದು ಸಿಸ್ಟರ್ ಕೈಯ ಚಮಚ ನೋಡಿದಾಗ.

ಆದಿಕಾಂಡದ 21ನೇ ಅಧ್ಯಾಯವನ್ನು ಈ ವಾರ ಮನೆಯಲ್ಲಿ ಓದಿ. ಮರುಭೂಮಿಯಲ್ಲಿ ಹಾಗಾರಳ ತಿತ್ತಿಯ ನೀರು ಮುಗಿಯಿತು. ಮಗನು ಸಾಯುವುದನ್ನು ನೋಡಲಾರದೆ ಅವನನ್ನು ಪೊದೆಯ ಕೆಳಗೆ ಬಿಟ್ಟು ದೂರ ಹೋಗಿ ಕುಳಿತು ಅತ್ತಳು. ಆಗ ದೇವರು ಆಕಾಶದಿಂದ ಮಳೆ ಸುರಿಸಲಿಲ್ಲ, ಅವಳ ಕಣ್ಣು ತೆರೆದರು. ಬಾವಿಯೊಂದು ಅವಳಿಗೆ ಕಾಣಿಸಿತು. ಹೋಗಿ ತಿತ್ತಿ ತುಂಬಿ ತಂದು ಮಗನಿಗೆ ಕುಡಿಸಿದಳು. ನಮ್ಮ ಮನೆಗಳಲ್ಲೂ ನೀರಿದೆ. ಅದನ್ನು ಕೊಡಬಹುದು ಎಂದು ಕಾಣುವ ಕಣ್ಣುಗಳಿಗಾಗಿ ಪ್ರಾರ್ಥಿಸೋಣ.

ಕುಟುಂಬ ಪ್ರಾರ್ಥನೆಯ ನಂತರ ಮಾತನಾಡಿಕೊಳ್ಳಲು

1. ನಮ್ಮ ಮನೆಯಲ್ಲಿ ರೋಗಿಗೆ, ಬಾಣಂತಿಗೆ, ಕೂಸಿಗೆ "ಕೊಡಬಾರದು" ಎಂದು ಯಾವ ಯಾವುದನ್ನು ಹೇಳುತ್ತೇವೆ? ಕಾರಣ ವೈದ್ಯರನ್ನು ಕೇಳಿದ್ದೇವೆಯೇ?

2. ಓಆರ್‌ಎಸ್‌ನ ಎರಡು ಪೊಟ್ಟಣ ನಮ್ಮ ಮನೆಯಲ್ಲಿವೆಯೇ? ಕಲಸುವ ಕ್ರಮ ಮನೆಯ ಎಲ್ಲರಿಗೂ ಗೊತ್ತೇ?

3. ನಮ್ಮ ಬೀದಿಯಲ್ಲಿ ಈಗ ಬಾಣಂತಿ ಯಾರಿದ್ದಾರೆ? ಈ ವಾರ ಅವರನ್ನು ನೋಡಲು ಯಾರು ಹೋಗುತ್ತೀರಿ?